ಕಪ್ಪಿನ ಮೇಲಿಲ್ಲದ ಹುಳು

ನಮ್ಮ ಶಾಲೆಗೆ ಐವತ್ತು ತುಂಬಿದ ನೆನಪಿನ ಸಂಚಿಕೆಗೆ ಯಾರಾದರೂ ಮಹನೀಯರ ಜೀವನ ಚರಿತ್ರೆ ಬರೆದುಕೊಡು ಎಂದು ಸಂಪಾದಕ ಸಮಿತಿಯ ಗೆಳೆಯರು ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆ. ಇಂಜಿನಿಯರ್ ಆದವನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆದರೆ ಚೆನ್ನ ಎಂದು ಅವರೇ ಸೂಚಿಸಿದರು. ಆದರೆ ವಿಶ್ವೇಶ್ವರಯ್ಯನವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಬರೆಯಬೇಕೆಂದುಕೊಂಡದ್ದು ಮುನ್ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಜರ್ಮನ್ ಮಹಿಳೆಯ ಬಗ್ಗೆ. ನಮ್ಮೂರಿಗೂ ಆಕೆಗೂ ಎಲ್ಲಿಯ ನಂಟು ಎಂದು ಓದುಗರು ಹುಬ್ಬೇರಿಸಬಾರದು. ನಂಟು ಇದೆ. ಅದು ಹಿಪ್ಪುನೇರಳೆ ಸೊಪ್ಪಿನ ನಂಟು.

ಕೆಲಸದ ಮೇಲೆ ನಾನು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಒಂದೂವರೆ ವರ್ಷ ಇದ್ದೆ. ಹೊರಡುವ ದಿನ ಅಲ್ಲಿಯ ಸಹೋದ್ಯೋಗಿಗಳು ಒಂದು ಕಪ್ಪು ಸಾಸರನ್ನು ಉಡುಗೊರೆ ಕೊಟ್ಟರು. ಹಾಲು ಬಿಳುಪಿನ ತೆಳ್ಳನೆಯ ಪಿಂಗಾಣಿ. ಅದರ ಮೇಲೆ ಕೆಂಪು ಹಳದಿ ಬಣ್ಣದ ಹೂಗೊಂಚಲು, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಒಂದು ದೊಡ್ಡ ಕಂದು ಪತಂಗ. ಹಳೆಯ ಕಾಲದ ವೈಜ್ಞಾನಿಕ ಯಾನಗಳ ಚಿತ್ರಗಳನ್ನು ಅಚ್ಚು ಹಾಕಿದ ಇಂಥ ಟೀ ಸೆಟ್ಟುಗಳು ಆ ಕಡೆಯ ಮ್ಯೂಸಿಯಂ ಅಂಗಡಿಗಳಲ್ಲಿ ಬಹಳ. ಬಟ್ಟೆಗಳ ನಡುವೆ ಸುತ್ತಿಟ್ಟು, ಒಡೆಯದಂತೆ ಊರಿಗೆ ತಂದೆ.

ಅವ್ವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಹೂವನ್ನು ಕಂಡ ಕೂಡಲೇ ಗುರುತು ಹಿಡಿದಳು. ಇದು ಇಸ್ಕೂಲ್ ಬೇಲಿಯ ರತ್ನಗಂಧಿಯಲ್ಲವೇ ಎಂದಳು. ಹೌದು, ಅದೇ ಹೂವು. ನಮ್ಮ ಶಾಲೆಯ ಧ್ವಜಸ್ತಂಭದಿಂದ ಬಾವಿಯವರೆಗೆ ಬೇಲಿಯಾಗಿ ನಿಂತಿದ್ದ ಅದೇ ಗಿಡ. ನಾನು ಒಂದು ವಾರದಿಂದ ಆ ಕಪ್ಪನ್ನು ನೋಡುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಆಮೇಲೆ ಅವ್ವ ಇನ್ನೊಂದು ಪ್ರಶ್ನೆ ಕೇಳಿದಳು. ಚಿಟ್ಟೆಯನ್ನೇನೋ ಬರೆದಿದ್ದಾರೆ, ಇದರ ಹುಳು ಎಲ್ಲಿ, ಅದು ತಿನ್ನುವುದು ಯಾವ ಸೊಪ್ಪು ಎಂದಳು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವಳಿಗೆ ರೆಕ್ಕೆಯ ಬಣ್ಣಕ್ಕಿಂತ ಮೊದಲು ಸೊಪ್ಪಿನ ಚಿಂತೆ.

ನನ್ನಲ್ಲಿ ಉತ್ತರ ಇರಲಿಲ್ಲ. ಕಪ್ಪನ್ನು ಮಗುಚಿದೆ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಹೆಸರಿತ್ತು: ಮರಿಯಾ ಸಿಬಿಲಾ ಮೆರಿಯನ್. ಅವ್ವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿ ತಿಳಿದುಕೊಂಡದ್ದೇ ಈ ಬರಹ.

ಮರಿಯಾ ಹುಟ್ಟಿದ್ದು 1647ರ ಏಪ್ರಿಲ್ 2ರಂದು, ನಾನಿದ್ದ ಅದೇ ಫ್ರಾಂಕ್‌ಫರ್ಟಿನಲ್ಲಿ. ತಂದೆ ಮಥೇಯಸ್ ಮೆರಿಯನ್ ಹೆಸರುವಾಸಿ ಮುದ್ರಕ. ತಾಮ್ರದ ತಗಡಿನಲ್ಲಿ ನಗರಗಳ ನೋಟಗಳನ್ನು ಕೊರೆದು ಪುಸ್ತಕ ಮಾಡುತ್ತಿದ್ದವನು. ಮಗಳಿಗೆ ಮೂರು ವರ್ಷವಾದಾಗ ಆತ ತೀರಿಕೊಂಡ. ತಾಯಿ ಮರುವರ್ಷ ಯಾಕೋಬ್ ಮರೆಲ್ ಎಂಬ ಹೂವಿನ ಚಿತ್ರಗಾರನನ್ನು ಮದುವೆಯಾದಳು. ಮಲತಂದೆ ಎಂದರೆ ಕಥೆಗಳಲ್ಲಿ ಕೆಟ್ಟವನೇ ಆಗಿರುತ್ತಾನೆ. ಈತ ಹಾಗಲ್ಲ. ಹುಡುಗಿಯ ಕೈಗೆ ಕುಂಚ ಕೊಟ್ಟು ಕೂರಿಸಿ ಕಲಿಸಿದ.

ಹದಿಮೂರನೆಯ ವಯಸ್ಸಿಗೆ, ಅಂದರೆ ನಮ್ಮ ಎಂಟನೇ ತರಗತಿಯ ಮಕ್ಕಳ ವಯಸ್ಸಿಗೆ, ಮರಿಯಾ ರೇಷ್ಮೆ ಹುಳುಗಳನ್ನು ಸಾಕಿ ನೋಡಲು ತೊಡಗಿದಳು. ಮೊಟ್ಟೆ ಒಡೆಯುವುದು, ಹುಳು ಸೊಪ್ಪು ತಿನ್ನುವುದು, ಪೊರೆ ಬಿಡುವುದು, ಗೂಡು ಕಟ್ಟುವುದು, ಗೂಡಿನಿಂದ ಚಿಟ್ಟೆ ಹೊರಬರುವುದು. ಒಂದೊಂದನ್ನೂ ನೋಡಿ ಚಿತ್ರ ಬರೆದು ಟಿಪ್ಪಣಿ ಮಾಡಿದಳು. ಆಮೇಲೆ ಬೇರೆ ಕಂಬಳಿ ಹುಳುಗಳನ್ನೂ ಹಿಡಿದು ತಂದಳು. ಯಾವ ಹುಳು ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಸೊಪ್ಪು ಹಾಕಿ ಪೆಟ್ಟಿಗೆಯಲ್ಲಿ ಸಾಕಿದಳು. ಹಾಗೆ ಶುರುವಾದ ಕೆಲಸ ಐವತ್ತು ವರ್ಷ ನಡೆಯಿತು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ. ನಾನು ಹುಟ್ಟಿದ್ದೇ ಹುಳು ಸಾಕುವ ಮನೆಯಲ್ಲಿ. ನಮ್ಮ ನಡುಮನೆಯಲ್ಲಿ ಮನುಷ್ಯರಿಗಿಂತ ಬಿದಿರಿನ ತಟ್ಟೆಗಳಿಗೆ ಜಾಗ ಹೆಚ್ಚು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಅವ್ವನಿಗೆ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು. ಸಪ್ಪೆ ರೋಗವೋ ಸುಣ್ಣಕಟ್ಟೋ ಬಂದರೆ ಇಡೀ ಬೆಳೆಯನ್ನು ತಿಪ್ಪೆಗೆ ಹಾಕಿ ಬಂದು ಗೋಡೆಗೊರಗಿ ಕೂರುತ್ತಿದ್ದಳು. ನನ್ನ ಬಿ.ಇ.ಯ ಎಂಟು ಸೆಮಿಸ್ಟರುಗಳ ಫೀಸು ಬಂದದ್ದು ಗೂಡಿನ ಮಾರುಕಟ್ಟೆಯಿಂದಲೇ. ಇಷ್ಟಾದರೂ ಶಾಲೆಗೆ ಬರುವಾಗ ಅಂಗಿಗೆ ಹುಳುವಿನ ವಾಸನೆ ಹತ್ತಿದೆಯೇನೋ ಎಂದು ಮೂಸಿ ನೋಡಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಮನೆಯವರ ಕಸುಬು ಕೇಳಿದರೆ ವ್ಯವಸಾಯ ಎಂದು ಮುಗಿಸುತ್ತಿದ್ದೆನೇ ಹೊರತು ಹುಳು ಎಂಬ ಮಾತು ಬಾಯಿಂದ ಬರುತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಮನೆಯಿಂದ ನಾಲ್ಕು ಗೂಡು ತರಲು ಹೇಳಿದರು. ತಂದುಕೊಟ್ಟೆ. ಅವನ್ನು ಖಾಲಿ ಚಾಕ್‌ಪೀಸ್ ಡಬ್ಬದಲ್ಲಿಟ್ಟು ಬೀರುವಿನ ಮೇಲೆ ಇಟ್ಟರು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಡಬ್ಬದಲ್ಲಿ ಬಿಳಿ ಚಿಟ್ಟೆಗಳಿದ್ದವು. ದಪ್ಪ ಮೈ, ಸಣ್ಣ ರೆಕ್ಕೆ. ರೆಕ್ಕೆ ಬಡಿಯುತ್ತವೆ, ಹಾರಲಾರವು. ಮನುಷ್ಯನ ಸಾಕಾಣಿಕೆಯಲ್ಲಿ ಸಾವಿರಾರು ವರ್ಷ ಕಳೆದು ಹಾರುವ ಶಕ್ತಿಯನ್ನೇ ಕಳೆದುಕೊಂಡಿವೆ ಎಂದು ಮೇಷ್ಟ್ರು ತಿಳಿಸಿದರು. ಹುಳುವಿನ ಮನೆಯಲ್ಲೇ ಬೆಳೆದ ನಾನು ರೇಷ್ಮೆ ಚಿಟ್ಟೆಯನ್ನು ಕಂಡದ್ದು ಅದೇ ಮೊದಲು. ಯಾಕೆಂದರೆ ನಾವು ಗೂಡನ್ನು ಮಾರುತ್ತೇವೆ. ನೂಲು ತೆಗೆಯುವವರು ಅದನ್ನು ಬಿಸಿನೀರಿಗೆ ಹಾಕುತ್ತಾರೆ. ಚಿಟ್ಟೆ ಹೊರಗೆ ಬರುವುದೇ ಇಲ್ಲ. ನಮ್ಮೂರಿಗೆ ಹುಳು ಗೊತ್ತು, ಚಿಟ್ಟೆ ಗೊತ್ತಿಲ್ಲ. ಆ ಕಪ್ಪಿಗೆ ಚಿಟ್ಟೆ ಗೊತ್ತು, ಹುಳು ಗೊತ್ತಿಲ್ಲ. ಎರಡನ್ನೂ ಒಂದೇ ಹಾಳೆಯ ಮೇಲೆ ತಂದವಳು ಮರಿಯಾ.

ಇದು ಈಗ ಸಣ್ಣ ವಿಷಯವೆಂದು ತೋರಬಹುದು. ಆದರೆ ಆ ಕಾಲದಲ್ಲಿ ಹುಳ ಹುಪ್ಪಟೆಗಳು ಕೆಸರಿನಿಂದ, ಕೊಳೆತ ಮಾಂಸದಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಓದಿದವರೂ ನಂಬಿದ್ದರು. ಮುಚ್ಚಿಟ್ಟ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ ಪ್ರಯೋಗದಿಂದ ತೋರಿಸಿ ಪ್ರಕಟಿಸಿದ್ದು 1668ರಲ್ಲಿ. ಮರಿಯಾ ಅದಕ್ಕೂ ಎಂಟು ವರ್ಷ ಮೊದಲೇ ತನ್ನ ಪೆಟ್ಟಿಗೆಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ದಾರಿಯನ್ನು ಕಣ್ಣಾರೆ ನೋಡುತ್ತಿದ್ದಳು.

1665ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಮಲತಂದೆಯ ಶಿಷ್ಯ ಯೋಹಾನ್ ಗ್ರಾಫ್ ಎಂಬ ಚಿತ್ರಗಾರನ ಜೊತೆ ಆಕೆಗೆ ಮದುವೆಯಾಯಿತು. ಮುಂದೆ ಗಂಡನ ಊರು ನ್ಯೂರೆಂಬರ್ಗಿಗೆ ಹೋದರು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು: ಯೊಹಾನಾ ಮತ್ತು ಡೊರೊಥಿಯಾ. ಆ ಊರಿನಲ್ಲಿ ಎಣ್ಣೆ ಬಣ್ಣದ ಚಿತ್ರ ಬರೆದು ಮಾರುವ ಹಕ್ಕು ಗಂಡಸರದು. ಮರಿಯಾ ನೀರಿನ ಬಣ್ಣ ಹಿಡಿದಳು. ಊರಿನ ಅನುಕೂಲಸ್ಥರ ಹೆಣ್ಣುಮಕ್ಕಳಿಗೆ ಚಿತ್ರ ಮತ್ತು ಕಸೂತಿ ಹೇಳಿಕೊಟ್ಟಳು. ಅವರಿಗೆ ಮಾದರಿಯಾಗಲೆಂದು 1675ರಿಂದ 1680ರವರೆಗೆ ಹೂವಿನ ಚಿತ್ರಗಳ ಪುಸ್ತಕವನ್ನು ಮೂರು ಭಾಗಗಳಲ್ಲಿ ಹೊರತಂದಳು. ಅಂದರೆ ತನ್ನ ಹೂವು ಬಟ್ಟೆಯ ಮೇಲೆ ಅಲಂಕಾರವಾಗಿ ಹೋಗುವುದರಲ್ಲಿ ಆಕೆಗೆ ಯಾವ ಬೇಸರವೂ ಇರಲಿಲ್ಲ. ಕಪ್ಪಿನ ಮೇಲಿನ ಚಿತ್ರವನ್ನು ಕಂಡಿದ್ದರೂ ಬಹುಶಃ ಆಕೆ ಬೈಯುತ್ತಿರಲಿಲ್ಲ.

ಆದರೆ ಆಕೆಯ ಮನಸ್ಸು ಇದ್ದದ್ದು ಹುಳುವಿನಲ್ಲಿ. 1679ರಲ್ಲಿ ಕಂಬಳಿ ಹುಳುಗಳ ಪುಸ್ತಕದ ಮೊದಲ ಭಾಗ ಬಂತು. ಐವತ್ತು ಚಿತ್ರಗಳು, ಒಂದೊಂದಕ್ಕೂ ವಿವರಣೆ. ಅದರ ಮೊಟ್ಟಮೊದಲ ಚಿತ್ರ ಯಾವುದು ಗೊತ್ತೇ? ಹಿಪ್ಪುನೇರಳೆ ಸೊಪ್ಪಿನ ಮೇಲಿನ ರೇಷ್ಮೆ ಹುಳು. ಮೊಟ್ಟೆ, ಹುಳು, ಗೂಡು, ಚಿಟ್ಟೆ, ಜೊತೆಗೆ ತಿನ್ನುವ ಸೊಪ್ಪು, ಎಲ್ಲವೂ ಒಂದೇ ಪುಟದಲ್ಲಿ. ಅಲ್ಲಿಯವರೆಗೆ ಪುಸ್ತಕಗಳಲ್ಲಿ ಚಿಟ್ಟೆಗಳನ್ನು ಒಂದು ಕಡೆ, ಹುಳುಗಳನ್ನು ಇನ್ನೊಂದು ಕಡೆ ಸಾಲಾಗಿ ಜೋಡಿಸಿ ತೋರಿಸುತ್ತಿದ್ದುದೇ ಹೆಚ್ಚು. ಜೀವಿ ಮತ್ತು ಅದರ ಆಹಾರದ ಗಿಡವನ್ನು ಕೂಡಿಸಿ ನೋಡುವುದನ್ನು ಇವತ್ತು ನಾವು ಪರಿಸರ ವಿಜ್ಞಾನ ಎಂದು ಎಂಟನೇ ತರಗತಿಯಲ್ಲಿ ಓದುತ್ತೇವೆ. ಆಕೆ ಅದನ್ನು ಆ ಹೆಸರು ಹುಟ್ಟುವ ಮೊದಲೇ ಮಾಡಿದಳು.

ಇನ್ನೂ ಒಂದು ಸಂಗತಿಯನ್ನು ನಮ್ಮೂರಿನವರು ಕೇಳಬೇಕು. ಕೆಲವು ಸಲ ಆಕೆ ಸಾಕಿದ ಹುಳು ಚಿಟ್ಟೆಯಾಗುತ್ತಿರಲಿಲ್ಲ. ಅದರ ಬದಲು ನೊಣಗಳೋ ಸಣ್ಣ ಕಣಜಗಳೋ ಹೊರಬರುತ್ತಿದ್ದವು. ಚಿಟ್ಟೆ ಬರಲಿಲ್ಲವೆಂದು ಆಕೆ ಅದನ್ನು ಎಸೆಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟಳು. ಆ ನೊಣ ಏನೆಂದು ಪಟ್ಟಣದ ಓದುಗರಿಗೆ ಬಿಡಿಸಿ ಹೇಳಬೇಕಾದೀತು. ನಮ್ಮೂರಿನಲ್ಲಿ ಊಜಿ ಎಂದರೆ ಸಾಕು, ಮುಂದಿನದು ಎಲ್ಲರಿಗೂ ತಿಳಿಯುತ್ತದೆ. ಹುಳುಮನೆಯ ಕಿಟಕಿಗೆ ಬಲೆ ಕಟ್ಟಿದ ಕೈಗಳಿಗೆ ಅದು ಗೊತ್ತು.

ಆಕೆಯ ಸಂಸಾರ ಸುಖವಾಗಿರಲಿಲ್ಲ. 1685ರಲ್ಲಿ ಗಂಡನನ್ನು ಬಿಟ್ಟು, ವಯಸ್ಸಾದ ತಾಯಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಒಂದು ಧಾರ್ಮಿಕ ಸಮುದಾಯ ಸೇರಿದಳು. ಲಬಾದಿಸ್ಟರು ಎಂದು ಅವರ ಹೆಸರು. ಸ್ವಂತ ಆಸ್ತಿ ಇಲ್ಲ, ಅಲಂಕಾರ ಇಲ್ಲ, ಕಟ್ಟುನಿಟ್ಟಿನ ಬದುಕು. ಗಂಡ ಕರೆದೊಯ್ಯಲು ಬಂದ, ಆಕೆ ಹೋಗಲಿಲ್ಲ. ಐದಾರು ವರ್ಷ ಅಲ್ಲಿದ್ದು, ತಾಯಿ ತೀರಿಕೊಂಡ ಮೇಲೆ 1691ರಲ್ಲಿ ಮಕ್ಕಳೊಂದಿಗೆ ಆಮ್‌ಸ್ಟರ್‌ಡಾಮಿಗೆ ಬಂದಳು. ಮರುವರ್ಷ ವಿಚ್ಛೇದನವಾಯಿತು. ನಲವತ್ತೈದರ ಹೆಂಗಸು ಚಿತ್ರ ಮಾರಿ, ಪಾಠ ಹೇಳಿ, ಬಣ್ಣ ಮಾರಿ ಮನೆ ನಡೆಸಿದಳು.

ಆಗ ಆಮ್‌ಸ್ಟರ್‌ಡಾಮ್ ಲೋಕದ ದೊಡ್ಡ ಬಂದರುಗಳಲ್ಲಿ ಒಂದು. ಏಷ್ಯಾದಿಂದ ಟೀ ಸೊಪ್ಪು, ಚೀನಾದ ಪಿಂಗಾಣಿ ಬಟ್ಟಲುಗಳು ಹಡಗು ತುಂಬ ಬಂದಿಳಿಯುತ್ತಿದ್ದವು. ಯುರೋಪಿನವರಿಗೆ ಅಂಥ ಗಟ್ಟಿ ಪಿಂಗಾಣಿ ಮಾಡುವುದು ಇನ್ನೂ ತಿಳಿದಿರಲಿಲ್ಲ. ಶ್ರೀಮಂತರ ಮನೆಗಳಲ್ಲಿ ದೂರದೇಶದ ಚಿಪ್ಪು, ಚಿಟ್ಟೆ, ಹಾವುಗಳ ಸಂಗ್ರಹಗಳಿದ್ದವು. ಮರಿಯಾ ಅವುಗಳನ್ನೆಲ್ಲ ನೋಡಿದಳು. ಸೂಜಿ ಚುಚ್ಚಿಟ್ಟ ಚಿಟ್ಟೆಗಳು ಬಹಳ ಸುಂದರವಾಗಿದ್ದವು. ಆದರೆ ಅವು ಎಲ್ಲಿ ಹುಟ್ಟಿದವು, ಏನು ತಿಂದವು, ಹುಳುವಾಗಿದ್ದಾಗ ಹೇಗಿದ್ದವು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಅವ್ವ ಕಪ್ಪು ಹಿಡಿದು ಕೇಳಿದ್ದು ಅದೇ ಪ್ರಶ್ನೆಯನ್ನು. ಅವ್ವ ಪ್ರಶ್ನೆ ಕೇಳಿ ಸೊಪ್ಪು ತರಲು ಹೋದಳು. ಮರಿಯಾ ಉತ್ತರ ಹುಡುಕಲು ಸಮುದ್ರ ದಾಟಿದಳು.

1699ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ತನ್ನ 255 ಚಿತ್ರಗಳನ್ನು ಮಾರಾಟಕ್ಕಿಟ್ಟು, ಉಯಿಲು ಬರೆದಿಟ್ಟು, ಕಿರಿಯ ಮಗಳು ಡೊರೊಥಿಯಾಳ ಜೊತೆ ಹಡಗು ಹತ್ತಿದಳು. ಹೊರಟದ್ದು ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಸುರಿನಾಮ್‌ಗೆ. ಅದು ಡಚ್ಚರ ವಸಾಹತು. ಆಮೇಲಿನ ಕಾಲದ ಹೆಸರಾಂತ ವೈಜ್ಞಾನಿಕ ಯಾನಗಳಲ್ಲಿ, ಕ್ಯಾಪ್ಟನ್ ಕುಕ್‌ನ ಹಡಗಾಗಲಿ ಡಾರ್ವಿನ್ ಹೋದ ಹಡಗಾಗಲಿ, ಸರ್ಕಾರದ ಬೆಂಬಲವಿತ್ತು. ಕುಕ್ ಹೊರಡುವುದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲೇ ಗಂಡನಿಲ್ಲದ ಒಬ್ಬ ಹೆಂಗಸು, ಯಾವ ರಾಜನ ಆಜ್ಞೆಯೂ ಇಲ್ಲದೆ, ಹುಳುಗಳಿಗಾಗಿ ಸಾಗರ ದಾಟಿದಳು. ಅಂದಹಾಗೆ ಆ ಸುರಿನಾಮ್ ಸ್ವತಂತ್ರ ದೇಶವಾದದ್ದು 1975ರ ನವೆಂಬರಿನಲ್ಲಿ. ನಮ್ಮ ಶಾಲೆಯದೂ ಅದೇ ವರ್ಷ.

ಪಾರಾಮರಿಬೊ ಪಟ್ಟಣದಲ್ಲಿ ಮನೆ ಹಿಡಿದು ತಾಯಿ ಮಗಳು ಎರಡು ವರ್ಷ ದುಡಿದರು. ಬಿಸಿಲು, ಮಳೆ, ಸೊಳ್ಳೆ. ಹೊಳೆಯಲ್ಲಿ ದೋಣಿ ಹತ್ತಿ ಒಳನಾಡಿಗೆ ಹೋದರು. ಹುಳು ತಂದು ಸಾಕುವುದು, ಬದಲಾಗುತ್ತಾ ಹೋದಂತೆ ಚರ್ಮಪತ್ರದ ಸಣ್ಣ ತುಂಡುಗಳ ಮೇಲೆ ಬಣ್ಣದಲ್ಲಿ ಬರೆಯುವುದು. ಅಲ್ಲಿದ್ದ ಬಿಳಿಯ ಜಮೀನುದಾರರಿಗೆ ಕಬ್ಬು ಸಕ್ಕರೆ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಹುಳುವಿನ ಹಿಂದೆ ಅಲೆಯುವ ಈ ಹೆಂಗಸನ್ನು ನೋಡಿ ಅವರು ನಕ್ಕರು. ಅವರಿಗೆ ಬೇರೆ ಬೆಳೆಗಳ ಕಡೆ ಆಸಕ್ತಿಯೇ ಇಲ್ಲವೆಂದು ಆಕೆಯೂ ಬರೆದಿಟ್ಟಳು. ಆಕೆಯ ಚಿತ್ರಗಳಲ್ಲಿ ಅನಾನಸ್ ಇದೆ, ಸೀಬೆ ಇದೆ, ಪರಂಗಿ ಇದೆ, ಗೇರು ಇದೆ, ಮರಗೆಣಸು ಇದೆ. ಇವೆಲ್ಲ ನಮ್ಮ ಹಿತ್ತಲಿನ ಗಿಡಗಳೇ ಎಂದುಕೊಂಡಿದ್ದೆ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ನೆಂಟರು ಇವು.

ಇನ್ನು ಕಪ್ಪಿನ ಮೇಲಿನ ರತ್ನಗಂಧಿಗೆ ಬರುತ್ತೇನೆ. ಮೂಲ ಚಿತ್ರವನ್ನು ಹುಡುಕಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅದೇ ಹೂಗೊಂಚಲು, ಅದೇ ಪತಂಗ. ಆದರೆ ಮೂಲದಲ್ಲಿ ಎಲೆಯ ಮೇಲೆ ಒಂದು ದಪ್ಪ ಹಸಿರು ಹುಳುವೂ ಇದೆ. ಕಪ್ಪು ಮಾಡಿದವರು ಹೂವನ್ನೂ ಪತಂಗವನ್ನೂ ಉಳಿಸಿಕೊಂಡು ಹುಳುವನ್ನು ತೆಗೆದುಬಿಟ್ಟಿದ್ದಾರೆ. ಟೀ ಕುಡಿಯುವಾಗ ಹುಳು ಯಾರಿಗೆ ಬೇಕು ಎಂದುಕೊಂಡಿರಬೇಕು. ಅವ್ವನ ಅನುಮಾನ ಸರಿಯಾಗಿತ್ತು.

ತೆಗೆದುಹಾಕಿದ್ದು ಹುಳುವೊಂದೇ ಅಲ್ಲ. ಆ ಚಿತ್ರದ ಜೊತೆ ಮರಿಯಾ ಬರೆದ ವಿವರಣೆಯೂ ಇತ್ತು. ಸುರಿನಾಮಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅಲ್ಲಿಯ ಮೂಲನಿವಾಸಿಗಳು. ಅವರನ್ನು ನಡೆಸಿಕೊಳ್ಳುತ್ತಿದ್ದ ರೀತಿ ಬಹಳ ಕ್ರೂರವಾಗಿತ್ತು. ಆ ಹೆಣ್ಣುಮಕ್ಕಳು ಈ ಗಿಡದ ಬೀಜವನ್ನು ಗರ್ಭ ಇಳಿಸಿಕೊಳ್ಳಲು ಬಳಸುತ್ತಿದ್ದರು. ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗು ತಮ್ಮಂತೆಯೇ ಗುಲಾಮಗಿರಿಗೆ ಬೀಳಬಾರದು ಎಂದು. ಇದನ್ನು ಅವರೇ ತನಗೆ ಹೇಳಿದರೆಂದು ಮರಿಯಾ ದಾಖಲಿಸಿದಳು. ಹೂವಿನ ಬಣ್ಣ ವರ್ಣಿಸಿ ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ.

ಆದರೆ ಆಕೆಯನ್ನು ದೇವತೆ ಮಾಡಿ ಕೂರಿಸುವುದೂ ಸರಿಯಲ್ಲ. ಆಕೆಯ ಮನೆಯಲ್ಲೂ ಗುಲಾಮರು ಕೆಲಸ ಮಾಡಿದರು. ಕಾಡಿನಲ್ಲಿ ಮುಳ್ಳು ಕಡಿದು ದಾರಿ ಮಾಡಿದವರು ಅವರು. ಹುಳು ಹಿಡಿದು ತಂದವರು, ಯಾವ ಗಿಡ ಯಾವುದಕ್ಕೆ ಮದ್ದು ಎಂದು ಹೇಳಿಕೊಟ್ಟವರು ಅವರು. ಒಬ್ಬ ಮೂಲನಿವಾಸಿ ಹೆಂಗಸು ಆಕೆಯ ಜೊತೆ ಹಾಲೆಂಡಿಗೂ ಬಂದಳು. ಪುಸ್ತಕದಲ್ಲಿ ಅವರ ನೆರವಿನ ಮಾತು ಬರುತ್ತದೆ, ಹೆಸರುಗಳು ಬರುವುದಿಲ್ಲ. ಚಿತ್ರಕ್ಕೆ ಹುಳುವನ್ನು ತಂದವಳು, ಹುಳುವನ್ನು ತಂದುಕೊಟ್ಟವರ ಹೆಸರನ್ನು ತರಲಿಲ್ಲ.

ಎರಡು ವರ್ಷದ ಹೊತ್ತಿಗೆ ಜ್ವರ ಆಕೆಯನ್ನು ಹಣ್ಣು ಮಾಡಿತು. ಅದು ಮಲೇರಿಯಾ ಇರಬೇಕೆಂದು ಈಗಿನವರ ಎಣಿಕೆ. 1701ರ ಜೂನಿನಲ್ಲಿ ಹೊರಟು ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡಾಮ್ ತಲುಪಿದಳು. ನಾಲ್ಕು ವರ್ಷ ಕೂತು ಸುರಿನಾಮಿನ ಕೀಟಗಳ ರೂಪಾಂತರದ ಬಗೆಗಿನ ದೊಡ್ಡ ಪುಸ್ತಕ ಸಿದ್ಧಪಡಿಸಿದಳು. ಅರುವತ್ತು ಚಿತ್ರಗಳ ಆ ಪುಸ್ತಕ 1705ರಲ್ಲಿ ಡಚ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಬಂತು. ಪ್ರಕಾಶಕಿಯೂ ಆಕೆಯೇ. ಹೆಸರಾಯಿತು, ಹಣವಾಗಲಿಲ್ಲ. 1715ರ ಸುಮಾರಿಗೆ ಲಕ್ವ ಹೊಡೆದು ಓಡಾಟ ಕಷ್ಟವಾಯಿತು. 1717ರ ಜನವರಿ 13ರಂದು ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಎಲ್ಲಿತ್ತು ಎಂಬ ಗುರುತೂ ಈಗ ಉಳಿದಿಲ್ಲ. ಕಂಬಳಿ ಹುಳುಗಳ ಪುಸ್ತಕದ ಮೂರನೆಯ ಭಾಗವನ್ನು ಅದೇ ವರ್ಷ ಮಗಳು ಡೊರೊಥಿಯಾ ಹೊರತಂದಳು. ಆಕೆಯ ಬಹಳಷ್ಟು ಚಿತ್ರಗಳನ್ನು ರಷ್ಯಾದ ಪೀಟರ್ ದೊರೆಗಾಗಿ ಕೊಂಡರು. ಹುಳುಗಳ ಟಿಪ್ಪಣಿ ಪುಸ್ತಕ ಇಂದಿಗೂ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಇಂಗ್ಲೆಂಡಿನ ಅರಮನೆಯಲ್ಲೂ ಒಂದು ದೊಡ್ಡ ಕಟ್ಟು ಇದೆ.

ಸತ್ತ ಮೇಲೂ ಆಕೆಯ ಕಷ್ಟ ಮುಗಿಯಲಿಲ್ಲ. ಒಂದು ಚಿತ್ರದಲ್ಲಿ ಸೀಬೆ ಕೊಂಬೆಯ ಮೇಲೆ ದೊಡ್ಡ ಜೇಡವೊಂದು ಪುಟ್ಟ ಝೇಂಕಾರದ ಹಕ್ಕಿಯನ್ನು ಹಿಡಿದು ತಿನ್ನುತ್ತಿದೆ. ಹತ್ತೊಂಬತ್ತನೇ ಶತಮಾನದ ಕೆಲವು ವಿದ್ವಾಂಸರು ಇದು ಬರೀ ಸುಳ್ಳು, ಹೆಂಗಸಿನ ಕಟ್ಟುಕಥೆ ಎಂದು ತಳ್ಳಿಹಾಕಿದರು. ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಅಲೆದ ಹೆನ್ರಿ ಬೇಟ್ಸ್, ಜೇಡ ಹಕ್ಕಿಯನ್ನು ಕೊಂದದ್ದನ್ನು ಕಣ್ಣಾರೆ ಕಂಡು 1863ರ ತನ್ನ ಪುಸ್ತಕದಲ್ಲಿ ಬರೆದ ಮೇಲೆ ಆ ಬಾಯಿಗಳು ಮುಚ್ಚಿದವು. ಆಕೆ ತಪ್ಪು ಮಾಡಲೇ ಇಲ್ಲವೆಂದಲ್ಲ. ಲಾಂದ್ರದ ಹುಳು ಎಂಬ ಕೀಟದ ತಲೆ ರಾತ್ರಿ ಬೆಳಗುತ್ತದೆ ಎಂದು ಬರೆದಿದ್ದಾಳೆ, ಅದು ಬೆಳಗುವುದಿಲ್ಲ. ಆದರೆ ಜೀವಿಗಳಿಗೆ ಇವತ್ತಿನ ಜೋಡಿ ಹೆಸರಿನ ಪದ್ಧತಿ ಕೊಟ್ಟ ಲಿನ್ನೇಯಸ್ ಹಲವು ಕೀಟಗಳಿಗೆ ಹೆಸರಿಡುವಾಗ ನೆಚ್ಚಿಕೊಂಡದ್ದು ಆಕೆಯ ಚಿತ್ರಗಳನ್ನೇ.

ಆ ಚಿತ್ರಗಳಂಥವು ಟೀ ಕಪ್ಪಿಗೆ ಬಂದದ್ದು ಹೇಗೆ ಎಂಬುದೂ ಒಂದು ಕಥೆ. ಚೀನಾದವರ ಪಿಂಗಾಣಿಯ ಗುಟ್ಟನ್ನು ಜರ್ಮನಿಯ ಮೈಸನ್ ಊರಿನವರು ಬಿಡಿಸಿ 1710ರಲ್ಲಿ ಕಾರ್ಖಾನೆ ತೆರೆದರು. ಮರಿಯಾ ಆಗ ಬದುಕಿದ್ದಳು. ಆಮೇಲೆ ಯುರೋಪಿನಲ್ಲೆಲ್ಲ ಕಾರ್ಖಾನೆಗಳಾದವು. ಬಟ್ಟಲಿಗೆ ಬರೆಯುವ ಕುಶಲಕರ್ಮಿಗಳು ಸಸ್ಯಶಾಸ್ತ್ರದ, ಕೀಟಶಾಸ್ತ್ರದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಹೂವು, ಚಿಟ್ಟೆ ನಕಲು ಮಾಡಿದರು. 1750ರ ದಶಕದಲ್ಲಿ ಲಂಡನ್ನಿನ ಚೆಲ್ಸಿ ಕಾರ್ಖಾನೆಯ ತಟ್ಟೆಗಳ ಮೇಲೆ ಇಂಥ ಗಿಡಗಳೇ ಅರಳಿದವು. ಆವಿಗೆಯಲ್ಲಿ ಸುಡುವಾಗ ಬಿದ್ದ ಸಣ್ಣ ಚುಕ್ಕೆ, ಗುಳ್ಳೆಗಳನ್ನು ಮುಚ್ಚಲು ಅದರ ಮೇಲೆ ಒಂದು ನೊಣವನ್ನೋ ಜೀರುಂಡೆಯನ್ನೋ ಬರೆಯುವ ಉಪಾಯವೂ ಇತ್ತು. ದೋಷ ಮುಚ್ಚಲು ಹುಳುವನ್ನು ಬರೆಯುತ್ತಿದ್ದರು. ನನ್ನ ಕಪ್ಪಿನವರು ಅಂದ ಕೆಡುತ್ತದೆಂದು ಹುಳುವನ್ನೇ ಅಳಿಸಿದರು. 1790ರಲ್ಲಿ ಕೋಪನ್‌ಹೇಗನ್ನಿನಲ್ಲಿ ಫ್ಲೋರಾ ಡಾನಿಕಾ ಎಂಬ ಊಟದ ಸೆಟ್ಟು ಮಾಡಲು ಹಿಡಿದರು. ಅದರಲ್ಲಿ ಗಿಡಗಳನ್ನು ಪುಸ್ತಕದಲ್ಲಿದ್ದಂತೆ ಬೇರಿನ ಸಮೇತ ಬರೆದಿದ್ದಾರೆ. ಅಲಂಕಾರವೂ ಪೂರ್ತಿ ಸತ್ಯ ಹೇಳಬಹುದು ಎಂಬುದಕ್ಕೆ ಅದೊಂದು ಸಾಕ್ಷಿ.

ಜರ್ಮನಿಯವರು 1992ರಲ್ಲಿ 500 ಮಾರ್ಕಿನ ಹೊಸ ನೋಟು ತಂದಾಗ ಮುಂದೆ ಮರಿಯಾಳ ಮುಖವನ್ನೂ, ಹಿಂದೆ ಆಕೆ ಬರೆದ ದಂಡೇಲಿಯನ್ ಗಿಡವನ್ನೂ ಹಾಕಿದರು. ಆ ಗಿಡದ ಜೊತೆ ಹುಳು ಇತ್ತು. ಯೂರೋ ಬಂದ ಮೇಲೆ ಆ ನೋಟು ಹೋಯಿತು.

ಈ ಕಥೆಯನ್ನೆಲ್ಲ ಒಂದು ಭಾನುವಾರ ಅವ್ವನಿಗೆ ಹೇಳಿದೆ. ಚಿತ್ರಗಳನ್ನು ತೋರಿಸಿದೆ. ರೇಷ್ಮೆ ಹುಳುವಿನ ಚಿತ್ರ ಬಂದಾಗ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ನಾನು ಹೊಗಳುತ್ತಾಳೆಂದು ಕಾದೆ. ಇಷ್ಟು ಬರೆದಿಡಲು ಅವಳಿಗೆ ಹೊತ್ತಾದರೂ ಎಲ್ಲಿ ಸಿಗುತ್ತಿತ್ತು ಎಂದಷ್ಟೇ ಕೇಳಿದಳು. ನನಗೆ ಉತ್ತರಿಸಲು ಆಗಲಿಲ್ಲ. ಒದ್ದೆ ಸೊಪ್ಪು ಯಾವಾಗ ಹಾಕಬಾರದು, ಹುಳುವಿನ ಮೈ ನೋಡಿ ರೋಗ ಹೇಗೆ ಹೇಳಬೇಕು, ಹಣ್ಣಾದದ್ದನ್ನು ಬೆಳಕಿಗೆ ಹಿಡಿದು ಹೇಗೆ ತಿಳಿಯಬೇಕು, ಇದೆಲ್ಲ ಅವ್ವನ ಕೈಬೆರಳಿನಲ್ಲಿದೆ. ಒಂದು ಅಕ್ಷರವೂ ಕಾಗದದ ಮೇಲಿಲ್ಲ. ಮಂಡಿನೋವಿನಿಂದ ಮೂರು ವರ್ಷದ ಹಿಂದೆ ಹುಳು ಬಿಟ್ಟಳು. ಹಿಪ್ಪುನೇರಳೆ ತೋಟವನ್ನು ಸೈಟು ಮಾಡಲು ಕೇಳಿಕೊಂಡು ಜನ ಬರುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಹುಳುಮನೆ ಇದ್ದ ಹನ್ನೊಂದು ಮನೆಗಳಲ್ಲಿ ಈಗ ಎರಡರಲ್ಲಿ ಮಾತ್ರ ಚಂದ್ರಿಕೆ ಕಾಣುತ್ತದೆ.

ಹಾಗಾಗಿ ಆ ಭಾನುವಾರದಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಊರಿಗೆ ಬಂದಾಗಲೆಲ್ಲ ಅವ್ವ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಮೊದಲ ಪುಟದಲ್ಲಿ ಅವ್ವನ ಪೂರ್ತಿ ಹೆಸರು ಬರೆದಿದ್ದೇನೆ. ಹೇಳಿಕೊಟ್ಟವರ ಹೆಸರನ್ನು ಬಿಡಬಾರದು ಎಂಬುದನ್ನು ಮರಿಯಾಳ ಪುಸ್ತಕ ಓದಿದ ಮೇಲೆ ಕಲಿತೆ.

ಆ ಕಪ್ಪು ಸಾಸರನ್ನು ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ವಿಜ್ಞಾನದ ಬೀರುವಿಗೆ ಕೊಡುತ್ತಿದ್ದೇನೆ. ಬೆಲೆ ಬಾಳುವ ಕಾಣಿಕೆಯೇನಲ್ಲ. ಅದರ ಪಕ್ಕದಲ್ಲಿ ಒಂದು ಖಾಲಿ ಚಾಕ್‌ಪೀಸ್ ಡಬ್ಬ ಇಡಲು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಎಂಟನೇ ತರಗತಿಯ ಮಕ್ಕಳು ಊರಿನಲ್ಲಿ ಉಳಿದಿರುವ ಆ ಎರಡು ಮನೆಗಳಿಂದ ನಾಲ್ಕು ಗೂಡು ಕೇಳಿ ತಂದು ಅದರಲ್ಲಿಡಲಿ. ದಿನಾ ನೋಡಲಿ. ಧ್ವಜಸ್ತಂಭದ ಬಳಿಯ ರತ್ನಗಂಧಿ ಬೇಲಿಯಲ್ಲೂ ಹುಡುಕಲಿ, ಎಲೆ ಕಚ್ಚಿದ ಗುರುತು ಇದ್ದರೆ ಹುಳು ಅಲ್ಲೇ ಎಲ್ಲೋ ಇರುತ್ತದೆ. ಸಿಕ್ಕರೆ ಅದರ ಚಿತ್ರ ಬರೆದು ಕಪ್ಪಿನ ಪಕ್ಕದಲ್ಲಿ ಅಂಟಿಸಲಿ. ಹುಳು ಕಂಡವರ ಹೆಸರನ್ನೂ ಕೆಳಗೆ ಬರೆಯಲಿ.

ನನಗೆ ಓದು ಕಲಿಸಿದ ಗುರುಗಳಿಗೂ, ಫೀಸು ಕಟ್ಟಿದ ಹುಳುಗಳಿಗೂ ನನ್ನ ನಮಸ್ಕಾರ.

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಎಸ್ಸೆಸ್ಸೆಲ್ಸಿ 2004ನೇ ಸಾಲು, ಬಿ.ಇ.; ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್)